ಚಿಂತೆ ಹಚ್ಚಿದವರ ಸಾಲು

ಕೊಟ್ಟೂರು
೨೨-೧-೧೯೮೪, ಭಾನುವಾರ

ಚಿ. ಸೌ. ಉಚ್ಚಂಗಿಗೆ ನಿನ್ನವ್ವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಈ ಸಲ ಪುರಾವೆ ಸಮೇತ ಕ್ಷೇಮ: ಹೋದ ವಾರ ಬೆಂಗಳೂರಿನಲ್ಲಿ ತಪಾಸಣೆಯಾಯಿತು. ಎಲ್ಲ ಸ್ವಚ್ಛ, ಇನ್ನು ಆರು ತಿಂಗಳು ಈ ಕಡೆ ಬರಬೇಡಿ ಎಂದರು. ಕಾಗದ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಆಪರೇಷನ್ ಆದ ಮೇಲೆ ಎಡಗೈ ಎತ್ತಲಾಗುತ್ತಿರಲಿಲ್ಲ ಎಂದು ನೆಪ ಹೇಳಬಹುದಿತ್ತು. ನಾನು ಬಲಗೈಯಲ್ಲಿ ಬರೆಯುತ್ತೇನೆಂಬುದು ನಿನಗೆ ಗೊತ್ತಿರುವುದರಿಂದ ಅದೂ ಆಗದು.

ಮೊನ್ನೆ ನಿನ್ನ ಗಂಡ ಹುಲುಗಪ್ಪ ಬಂದಿದ್ದ. ಲೈನ್‌ಮನ್ ಅಲ್ಲವೇ, ಕೂತ ಕೂಡಲೇ ನಮ್ಮ ಮನೆಯ ವೈರೆಲ್ಲ ನೋಡಿದ, ನನ್ನ ಮುಖವೊಂದನ್ನು ಬಿಟ್ಟು. ಎರಡು ಸಲ ಚಹಾ ಕುಡಿದ ಮೇಲೆ ಬಾಯಿ ಬಿಟ್ಟ: “ಆಕಿಗೆ ಏಳು ತಿಂಗಳ್ರಿ ಅತ್ತಿ. ಬಾಣಂತನಕ್ಕ ಕೊಟ್ಟೂರಿಗೆ ಹೋಗು ಅಂದ್ರ ಒಲ್ಲೆ ಅಂತಾಳ. ನನ್ನ ಚಿಂತಿಯಿಂದನ ಅವ್ವಗ ಹಂಗಾತು, ಮತ್ತ ನಾ ಹೋಗಿ ಕಣ್ಮುಂದ ನಿಂತ್ರ ರೋಗ ತಿರುಗಿ ಬಂದೀತು ಅಂತಾಳ.”

ಹತ್ತು ತಿಂಗಳು ನೀನು ಯಾಕೆ ಬರಲಿಲ್ಲವೆಂದು ನನಗೆ ಗೊತ್ತಿಲ್ಲವೆಂದಲ್ಲ. ಹೋದ ವರ್ಷ ಮಾರ್ಚಿನಲ್ಲಿ ಆಸ್ಪತ್ರೆಯ ಎಳೆ ಡಾಕ್ಟರೊಬ್ಬ ಫಾರಂ ತುಂಬುತ್ತಾ, “ಇತ್ತೀಚೆಗೆ ಮನೆಯಲ್ಲಿ ಏನಾದರೂ ದೊಡ್ಡ ಚಿಂತೆ ಇತ್ತಾ?” ಎಂದು ಕೇಳಿದ. ವಯಸ್ಸೆಷ್ಟು, ಮಕ್ಕಳೆಷ್ಟು ಎಂಬಂತೆ ಅದೂ ಒಂದು ಪ್ರಶ್ನೆ. ನಿಮ್ಮಪ್ಪ ಅದನ್ನೇ ಉತ್ತರವೆಂದು ತಿಳಿದುಬಿಟ್ಟರು. ಪಕ್ಕೀರಪ್ಪ ಮಾವನಿಗೆ, ನಿನ್ನನ್ನು ಅವನ ಮನೆಗೇ ಕೊಡುತ್ತೇನೆಂದು ನಾನು ಕೊಟ್ಟ ಮಾತು ಮುರಿದು ನೀನು ಹುಲುಗಪ್ಪನ ಜೊತೆ ರಿಜಿಸ್ಟರ್ ಮದುವೆಯಾಗಿ ಆಗಿನ್ನೂ ನಾಲ್ಕು ತಿಂಗಳು. ನಿನಗೆ ಕಾಗದ ಬರೆದರು: ನಿನ್ನಿಂದಲೇ ನಿನ್ನವ್ವನಿಗೆ ಈ ರೋಗ ಬಂತು ಎಂದು.

ಈಗ ಆಮೇಲಿನ ಕಥೆ ಕೇಳು. ನಾನು ಮನೆಗೆ ಬಂದ ಮೇಲೆ ನಿಮ್ಮಜ್ಜಿ ದುರುಗಮ್ಮ, ಪೂಜಾರಿ ಜೋಗಪ್ಪನ ಹತ್ತಿರ ದೇವಿಯ ಅಪ್ಪಣೆ ಕೇಳಿಸಿದಳು. ಚಿಂತೆ ಹಚ್ಚಿದವರು ಯಾರೋ ಅವರು ದೇವಿಯ ಮುಂದೆ ತಪ್ಪುಗಾಣಿಕೆ ಇಟ್ಟು ಒಪ್ಪಿಕೊಳ್ಳಲಿ ಎಂದನಂತೆ. ಅಜ್ಜಿ ತೆಂಗಿನಕಾಯಿ ಹಿಡಿದು ಗುಡಿಗೆ ಹೋದವಳು ಅರ್ಧ ದಾರಿಯಿಂದ ತಿರುಗಿ ಬಂದು ನನ್ನ ಮಂಚದ ಮುಂದೆ ಇಟ್ಟಳು. “ದೇವಿಗೆ ನಾ ಏನ್ ಮಾಡೀನಿ? ಮಾಡಿದ್ದು ಈಕಿಗೆ. ಈಕಿ ಮುಂದನ ಇಡ್ತೀನಿ.”

ನಿಮ್ಮಪ್ಪ ಡ್ಯೂಟಿ ಮುಗಿಸಿ ಸ್ಟೇಷನ್ನಿನಿಂದ ಬಂದವರು, ಚಿಂತೆ ಹಚ್ಚಿದವನು ನಾನು, ನನ್ನ ಕಾಯಿ ಮೊದಲಿರಬೇಕಿತ್ತು ಎಂದರು. ಅಜ್ಜಿ ಮಗನ ಮುಂದೆ ಎದ್ದು ನಿಂತಳು. “ಲೇ ಸುಂಕ, ನೀ ಎಷ್ಟರ ಚಿಂತಿ ಹಚ್ಚೀದಿ? ಮುಂಜಾನಿ ಹೋಗಿ ಸಂಜಿಗೆ ಬರಾಂವ! ಇಪ್ಪತ್ನಾಲ್ಕು ವರ್ಷ ಮನ್ಯಾಗ ಕುಂತು ಹಚ್ಚಿದಾಕಿ ನಾನು!”

ಮಾರನೆಯ ದಿನ ಪಕ್ಕೀರಪ್ಪ ಹಂಪಸಾಗರದಿಂದ ಬಂದ. “ಅಕ್ಕಾ, ಆ ಮದುವಿ ಮುರಿದಿದ್ದಕ್ಕ ನಾ ನಿನ್ನ ಜೋಡಿ ಮಾತು ಬಿಟ್ಟೆ. ನನ್ನಿಂದನ ಆತು” ಎಂದು ಅತ್ತ. ಅಜ್ಜಿ ಅವನಿಗೂ ಜಾಗ ಬಿಡಲಿಲ್ಲ: “ನೀ ಮಾತು ಬಿಟ್ಟಾಗ ಆಕಿ ಆರಾಮ ಇದ್ಲು ಬಿಡೊ.” ನಮ್ಮ ಹೆಡ್‌ಮಾಸ್ತರ್ ಪಾಲಾಕ್ಷಪ್ಪನವರಿಗೂ ಸುದ್ದಿ ಹೋಗಿ, ಜನಗಣತಿಗೆ ನನ್ನನ್ನು ಬಿಸಿಲಲ್ಲಿ ಅಲೆಸಿದ್ದಕ್ಕೆ ಅವರದೊಂದು ಕಾಯಿ, ಶಾಲೆಯ ಜವಾನನ ಕೈಯಲ್ಲಿ. ನಿನಗೆ ಗೊತ್ತಲ್ಲ, ನನಗೆ ಪ್ರಾಸ ಬಿಡದು:

ಅತ್ತೆಯದೊಂದು ಕಾಯಿ, ಗಂಡನದೊಂದು ಕಾಯಿ,
ತಪ್ಪು ಒಪ್ಪಲು ತೆರೆಯಿತು ಓಣಿಯ ಬಾಯಿ;
ನಡುವೆ ಕೂತಿದ್ದಾಳೆ ಒಂಟಿಮೊಲೆಯ ತಾಯಿ.

ಹದಿನೈದು ದಿನ ಚಟ್ನಿ, ಕಾಯಿಹೋಳಿಗೆ, ಕೊಬ್ಬರಿ ಉಂಡೆ. ರೋಗ ಇಳಿಸಿದ್ದ ತೂಕವನ್ನು ಪಶ್ಚಾತ್ತಾಪ ಏರಿಸಿತು. ಶಾಲೆಗೂ ಹೋಗುತ್ತಿದ್ದೇನೆ. ಕುಪ್ಪಸದೊಳಗೆ ಎಡಕ್ಕೆ ಕೊಟ್ಟೂರು ಹತ್ತಿ, ಬಲಕ್ಕೆ ಸ್ವತಃ ನಾನು.

ಹೋದ ವಾರ ದೊಡ್ಡ ಡಾಕ್ಟರಮ್ಮನಿಗೆ ಇದೆಲ್ಲ ಹೇಳಿ ಕೇಳಿಯೇಬಿಟ್ಟೆ, ಚಿಂತೆಯಿಂದ ಇದು ಬರುತ್ತದೆಯೇ ಎಂದು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹೇಳಿದರು: “ಇರಬಹುದು ಎನ್ನುವವರಿದ್ದಾರೆ, ಇಲ್ಲ ಎನ್ನುವವರಿದ್ದಾರೆ. ಇನ್ನೂ ಹುಡುಕುತ್ತಿದ್ದಾರೆ. ಇಂಥವರ ಚಿಂತೆಯಿಂದ ಇಂಥವರಿಗೆ ಬಂತು ಎಂದು ಬೆರಳು ಮಾಡುವ ವಿದ್ಯೆ ಮಾತ್ರ ನಮ್ಮಲ್ಲಿಲ್ಲ. ಚಿಂತೆ ಒಂದೇ ಸಾಕಾಗಿದ್ದರೆ ನಮ್ಮ ತಾಯಿ ಎಂಬತ್ತು ದಾಟುತ್ತಿರಲಿಲ್ಲ. ಗಂಟು ಕೈಗೆ ಸಿಕ್ಕ ಮೇಲೂ ಸುಮ್ಮನಿರುತ್ತೀರಲ್ಲ, ಅದು ಕೆಟ್ಟದ್ದು.”

ಆ ಕೊನೆಯ ಮಾತು ನನಗೇ ಬಡಿಯಿತು. ಆ ಗಂಟು ನನ್ನ ಕೈಗೆ ಸಿಕ್ಕದ್ದು ನಾಗರಪಂಚಮಿಯ ಹಿಂದಿನ ದಿನ, ನೀರೆರೆದುಕೊಳ್ಳುವಾಗ. ಆಗಿನ್ನೂ ನೀನು ನಮ್ಮ ಮನೆಯಲ್ಲೇ ಇದ್ದೆ, ಹೊರಗೆ ಎಳ್ಳುಂಡೆ ಕಟ್ಟುತ್ತಿದ್ದೆ. ಹುಲುಗಪ್ಪನ ಹೆಸರೂ ನನಗೆ ಗೊತ್ತಿರಲಿಲ್ಲ. ನೀನು ಹೊಸಿಲು ದಾಟಿದ್ದು ಅದಾದ ಮೂರು ತಿಂಗಳಿಗೆ. ಏಳು ತಿಂಗಳು ನಾನು ಯಾರಿಗೂ ಹೇಳಲಿಲ್ಲ. ಬಿ.ಎ. ಓದಿದವಳು, ಮಕ್ಕಳಿಗೆ ಸಂಧಿ ಸಮಾಸ ಬಿಡಿಸುವವಳು, ಗಂಡನ ಮುಂದೆ ‘ಮೊಲೆ’ ಎಂಬ ಎರಡಕ್ಷರ ಆಡಲು ನಾಚಿದೆ. ಅದರಲ್ಲಿ ನಿನ್ನ ಪಾಲೇನೂ ಇಲ್ಲ, ಮಗಳೇ.

ನೀನು ಚಿಂತೆ ಕೊಡಲಿಲ್ಲವೆಂದು ಸುಳ್ಳು ಹೇಳಲಾರೆ. ಕೊಟ್ಟೆ, ಕೈತುಂಬ ಕೊಟ್ಟೆ. ಮಕ್ಕಳು ಕೊಡದೆ ಪಕ್ಕದ ಮನೆಯವರು ಕೊಡುತ್ತಾರೆಯೇ? ಆದರೆ ಚಿಂತೆ ಬೇರೆ, ಗಂಟು ಬೇರೆ. ಹುಲುಗಪ್ಪನಿಗೆ ಹೇಳಿದ್ದೇನೆ: ಬರುವ ಭಾನುವಾರ ಹರಪನಹಳ್ಳಿ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಕರೆದುಕೊಂಡು ಬಾ ಎಂದು. ಅಜ್ಜಿ ಹಳೆಯ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿಟ್ಟಿದ್ದಾಳೆ. ನಿಮ್ಮಪ್ಪ ನಿನ್ನೆ ತೊಟ್ಟಿಲ ಹಗ್ಗ ಬದಲಿಸಿ, ಗಟ್ಟಿಯಿದೆಯೋ ನೋಡಲು ಜಗ್ಗಿ, ಮುಗ್ಗರಿಸಿ ಬಿದ್ದರು. ತೊಟ್ಟಿಲಿಗೆ ಏನೂ ಆಗಿಲ್ಲ.

ಹೊಟ್ಟೆ ತುಂಬ ಉಣ್ಣು, ಭಾರ ಎತ್ತಬೇಡ. ಉಚ್ಚಂಗೆಮ್ಮ ನಿಮ್ಮನ್ನು ಮೂರು ಜೀವಗಳಾಗಿ ನೂರು ವರ್ಷ ಇಡಲಿ. ಹುಲುಗಪ್ಪನಿಗೂ ಆಶೀರ್ವಾದ, ಮುಂದಿನ ಸಲ ಮುಖ ನೋಡಿ ಮಾತಾಡಲು ಹೇಳು.

ನಿನ್ನ ಅವ್ವ,
ಕನಕಮ್ಮ

ತಾ.ಕ.: ನಿಮ್ಮಪ್ಪ ಬರೆದ ಆ ಕಾಗದ ನನಗೆ ತಿಳಿಯದೆ ಬಂತೆಂದು ನೀನು ನಂಬಿರಬಹುದು. ಇಲ್ಲ. ಬರೆದವರು ಅಂಚೆಗೆ ಹಾಕುವ ಮೊದಲು ನನಗೇ ಓದಲು ಕೊಟ್ಟರು. ಆಸ್ಪತ್ರೆಯ ಮಂಚದ ಮೇಲೆ ಕೂತು ಎರಡು ಸಲ ಓದಿದೆ. ಗಂಟು ನಿನ್ನ ಮದುವೆಗಿಂತ ಹಳೆಯದೆಂದು ಆಗ ಇಡೀ ಲೋಕದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಎರಡು ಕಡೆ ಒತ್ತಕ್ಷರ ತಿದ್ದಿ, ಮಡಿಚಿ, ನಾನೇ ಅಂಟು ಹಚ್ಚಿ ಕೊಟ್ಟೆ. ಆ ಸಾಲನ್ನು ಹೊಡೆದುಹಾಕಲಿಲ್ಲ.