ತಡವಾಗಿ ಬಂದವರ ತಾಳ

ಜೂನ್ ೧೪, ಶನಿವಾರ. ಮಲ್ಕಾಜ್‌ಗಿರಿ

'ತಾಳ ಯಾರನ್ನೂ ಕಾಯುವುದಿಲ್ಲ' ಎಂದು ಗುರುಗಳು ಹೇಳುತ್ತಿದ್ದರೋ, 'ತಾಳ ಎಲ್ಲರನ್ನೂ ಕಾಯುತ್ತದೆ' ಎನ್ನುತ್ತಿದ್ದರೋ? ಬೆಳಗಿನಿಂದ ಮನಸ್ಸು ಕೆದಕುತ್ತಿದೆ. ಅದೇ ನೆನಪಿಲ್ಲದೆ ಅವರ ನೃತ್ಯಶಾಲೆ ನಡೆಸಲು ಹೊರಟಿದ್ದೇನೆ!

ಇಂದು ಮಕ್ಕಳಿಗೆ ಹೊಸ ನಿಯಮ ಹೇಳಿದೆ. ತಡವಾಗಿ ಬಂದವರು ಅವತ್ತು ಕುಣಿಯುವಂತಿಲ್ಲ. ಕೋಲು ಹಿಡಿದು ಕುಳಿತು ಉಳಿದವರಿಗೆ ತಾಳ ಹಾಕಬೇಕು. ಮೊದಲು ಸಿಕ್ಕಿಬಿದ್ದವಳು ಕೆಳಗಿನ ಮನೆಯ ಶಂಕ್ರಮ್ಮನ ಮಗಳು ಗುರುದೇವಿ. ಎಲ್ಲರಿಗಿಂತ ಚುರುಕಾದ ಹುಡುಗಿ.

"ನೀವು ತಡಾ ಮಾಡಿದ್ರ, ಮೇಡಂ?" ಎಂದಳು, ಮುಖ ಊದಿಸಿಕೊಂಡು.

"ನಾನೂ ತಾಳಕ್ಕ ಕೂಡ್ತೀನಿ."

"ನೋಡೂಣಂತ."

ಮಣೆಯ ಮೇಲೆ ಕೋಲು ಬಿತ್ತು. ಸಿಟ್ಟಿನ ಏಟು, ಆದರೆ ಎಷ್ಟು ಖಚಿತ! ಅಷ್ಟೂ ಮಕ್ಕಳ ಹೆಜ್ಜೆ ಒಂದೇ ಸದ್ದಾಯಿತು. ವರ್ಷವಿಡೀ ಕೂಗಿಯೂ ನನ್ನಿಂದ ಆಗದ್ದು ಅದು. ಮೈ ಜುಮ್ಮೆಂದಿತು, ಈಗಲೂ ಇಳಿದಿಲ್ಲ. ಆದರೆ ಹೋಗುವಾಗ ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ಇನ್ನು ಬರುವುದೇ ಇಲ್ಲವೆಂದರೆ? ಅವಳೊಬ್ಬಳಿಗೆ ನಿಯಮ ಸಡಿಲಿಸಲೇ? ಸಡಿಲಿಸಿದರೆ ಅದು ನಿಯಮವೇ ಅಲ್ಲ. ಆದರೂ ಅಂಥ ಹುಡುಗಿಯನ್ನು ಕಳೆದುಕೊಂಡು…

ಬರೆಯುತ್ತಿದ್ದಂತೆ ಬಾಗಿಲು ತಟ್ಟಿದರು. ಶಂಕ್ರಮ್ಮ. ಮಗಳನ್ನು ಬಿಡಿಸಲೆಂದೇ ಬಂದಿದ್ದಾಳೆ ಅಂದುಕೊಂಡೆ.

"ಅಕ್ಕಾರ, ನೀವರ ಒಂದ್ ಮಾತು ಹೇಳ್ರಿ ಆಕಿಗೆ. ನಾಳೆ ತಡಾ ಆಗ್ತೈತಂತ ಈಗ್ಲೇ ಗೆಜ್ಜಿ ಕಟ್ಕೊಂಡು ಮಲಗ್ಯಾಳ. ಮಗ್ಗಲಾ ಹೊಳ್ಳಿದಾಗೊಮ್ಮೆ ಝಲ್ ಅಂತೈತಿ, ಮನಿಮಂದಿಗೆ ನಿದ್ದಿ ಇಲ್ರಿ!"