ಕಂಪ್ಯೂಟರಿನ ಪಕ್ಕದ ಹಲಗೆ

ಚಿತ್ರದುರ್ಗ
೧೯ ನವೆಂಬರ್ ೧೯೭೮, ಭಾನುವಾರ

ಪ್ರೀತಿಯ ಜುಂಜಣ್ಣನಿಗೆ,

ಹುಬ್ಬಳ್ಳಿಯ ನೀರು ಒಗ್ಗಿತೇ? ಮಂಡಿನೋವು ಹೇಗಿದೆ? ಅತ್ತಿಗೆ ಎಣ್ಣೆ ಕಾಸಿಟ್ಟರೂ ಹಚ್ಚಿಕೊಳ್ಳದೆ ರೈಲ್ವೆ ಡ್ಯೂಟಿಗೆ ಓಡುತ್ತೀಯಂತೆ. ಅವರೇ ಬರೆದಿದ್ದಾರೆ, ಇಲ್ಲ ಅನ್ನಬೇಡ. ಅಮ್ಮ ಚೆನ್ನಾಗಿದ್ದಾಳೆ, ನಿನ್ನ ಕಾಗದವನ್ನು ಮೂರು ಸಲ ಓದಿಸಿಕೊಂಡಳು. ನಾನೂ ಚೆನ್ನಾಗಿದ್ದೇನೆ, ಸಿಟ್ಟೊಂದು ಬಿಟ್ಟರೆ.

ಆ ಸಿಟ್ಟು ಸ್ವಲ್ಪ ನಿನ್ನ ಮೇಲೂ ಇದೆ. "ದೊಡ್ಡವರ ಎದುರು ಬಾಯಿ ಮಾಡಬೇಡ, ಕೊಟ್ಟ ಕಾಗದಕ್ಕೆ ಸಹಿ ಹಾಕು" ಎಂದು ಬರೆದಿದ್ದೀಯಲ್ಲ, ಹಾಕುವುದಿಲ್ಲ. ಅದರಲ್ಲಿ ಏನಿದೆ ಗೊತ್ತೇ? ಗಿರಣಿಗೆ ಕಾರ್ಡೇ ಬೇಡದ ಹೊಸ ಕಂಪ್ಯೂಟರ್ ಬಂದ ದಿನ, ಲೆಕ್ಕದ ಕಾರ್ಡುಗಳಿಗೆ ತೂತು ಹೊಡೆದು ಪಂಚ್ ಮಾಡುವ ನಾವು ನಾಲ್ವರೂ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತೇವಂತೆ. ಯಾರ ಇಚ್ಛೆ ಅಣ್ಣ ಅದು? ನಮ್ಮ ನಾಲ್ವರಲ್ಲೊಬ್ಬಳು ಖಾತುನ್ ಬೀ, ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅವಳು ಸಹಿ ಹಾಕಲು ಪೆನ್ನು ತೆಗೆದಿದ್ದಳು, ನಾನೇ ಕಿತ್ತಿಟ್ಟುಕೊಂಡೆ.

ನಡೆದದ್ದು ಇಷ್ಟು. ಯಾವ ಲಾರಿಗೆ ಯಾವ ನೂಲಿನ ಮೂಟೆ ಎಂಬ ಪಟ್ಟಿ ದಿನಾ ಬೆಳಗ್ಗೆ ಹತ್ತಕ್ಕೆ ಕಂಪ್ಯೂಟರಿನಿಂದ ಬರಬೇಕು. ಆಯುಧಪೂಜೆ ಕಳೆದಾಗಿನಿಂದ ಹನ್ನೆರಡಾದರೂ ಬರುತ್ತಿರಲಿಲ್ಲ. ಗೇಟಿನ ಮುಂದೆ ಲಾರಿಗಳ ಸಾಲು, ಗಿರಣಿಯ ಸಾಹುಕಾರರಿಗೆ ತಲೆಬಿಸಿ. ಬೆಂಗಳೂರಿನ ಕಂಪ್ಯೂಟರ್ ಕಂಪನಿಯವನೊಬ್ಬ ಬಂದು ಎರಡು ಎಳನೀರು ಕುಡಿದು, ಮಷೀನಿಗೆ ಶಕ್ತಿ ಸಾಲದು, ದೊಡ್ಡದು ತಗೊಳ್ಳಿ ಎಂದ. ಮಷೀನಿನ ಕೋಣೆಗೆ ಕಾಲೂ ಇಡಲಿಲ್ಲ ಪುಣ್ಯಾತ್ಮ! ಮ್ಯಾನೇಜರ್ ಮೂರ್ತಪ್ಪನವರು ಹೌದೆಂದು ತಲೆಯಾಡಿಸಿ, ಸಾಹುಕಾರರಿಗೂ ಅದನ್ನೇ ಹೇಳಿದರು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾರಾದರೂ ನೋಡಿದ್ದೀರಾ ಅಂತ ನಾನು ಕೇಳಿಬಿಟ್ಟೆ. "ತೂತು ಹೊಡೆಯೋ ಹೆಣ್ಮಕ್ಳಿಗೆ ಯಾಕಮ್ಮ ಈ ಉಸಾಬರಿ" ಅಂದರು. ಮೈಯೆಲ್ಲ ಉರಿದುಹೋಯಿತು.

ಆಗ ನೆನಪಾದವನು ನೀನು. ಚಿಕ್ಕಜಾಜೂರಿನಲ್ಲಿ ಗೂಡ್ಸ್ ಗಾಡಿ ತಡವಾದಾಗ ಎಲ್ಲರೂ ಇಂಜಿನ್ನನ್ನು ಬಯ್ಯುತ್ತಿದ್ದರೆ, ನೀನು ಮಾತ್ರ ಗಾಡಿ ಎಲ್ಲಿ ನಿಂತಿತ್ತು, ಎಷ್ಟು ಹೊತ್ತು, ಯಾಕೆ ಅಂತ ಬರೆದಿಡುತ್ತಿದ್ದೆ. "ಓಡಿದ್ದು ನೋಡಬ್ಯಾಡ, ನಿಂತಿದ್ದು ನೋಡು" ಅನ್ನುತ್ತಿದ್ದೆ. ನಾನೂ ಕಂಪ್ಯೂಟರಿನ ಪಕ್ಕ ಒಂದು ಕರಿಹಲಗೆ ತೂಗುಹಾಕಿದೆ. ಶುರುವಾದ ಹೊತ್ತು, ಮುಗಿದ ಹೊತ್ತು, ನಿಂತ ಹೊತ್ತು, ಕಾರಣ. ಮಷೀನು ನಡೆಸುವ ಕಾಟಲಿಂಗಪ್ಪ ಮೊದಲು ನಕ್ಕ, ಆಮೇಲೆ ಸೀಮೆಸುಣ್ಣ ಅವನೇ ತಂದ.

ಎರಡು ವಾರಕ್ಕೆ ಸತ್ಯ ಹೊರಬಿತ್ತು. ಪಟ್ಟಿಗೆ ಮಷೀನು ದುಡಿಯುವುದು ಒಂದು ಗಂಟೆಯೂ ಇಲ್ಲ, ಉಳಿದ ಹೊತ್ತೆಲ್ಲ ಸುಮ್ಮನೆ ನಿಂತಿರುತ್ತದೆ. ಕಾರ್ಡು ಸಿಕ್ಕಿಕೊಳ್ಳುತ್ತದೆ, ಅದೂ ಬೆಳಗ್ಗೆ ಮಾತ್ರ. ಯಾಕೆಂದರೆ ಆಯುಧಪೂಜೆ ಆದಮೇಲೆ ಒಳ್ಳೆಯದಾಗಲಿ ಅಂತ ದಿನದ ಮೊದಲ ಕಾರ್ಡಿನ ಕಟ್ಟನ್ನು ಮಷೀನಿನ ಮುಂದಿಟ್ಟು, ಕುಂಕುಮ ಹಚ್ಚಿ, ನೀರು ಚಿಮುಕಿಸಿದ ಸೇವಂತಿಗೆ ಏರಿಸುವ ರೂಢಿ ಬಂದಿತ್ತು. ತೇವಕ್ಕೆ ಕಾರ್ಡು ಉಬ್ಬಿ ಒಳಗೆ ಹರಿಯುತ್ತದೆ, ಹರಿದದ್ದನ್ನು ಮತ್ತೆ ಪಂಚ್ ಮಾಡಬೇಕು. ಬುಧವಾರದಿಂದ ಹೂವನ್ನು ದೇವರ ಪಟಕ್ಕೆ ಏರಿಸಿದೆವು, ದೇವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಒಂಬತ್ತೂವರೆಗೆ ಪಟ್ಟಿ ಕೈಯಲ್ಲಿ! "ಏನಕ್ಕ, ಇವತ್ತು ಚಾ ಕುಡಿಯಾಕೂ ಬಿಡಲ್ವಾ" ಅಂತ ಹಿರಿಯೂರಿನ ಲಾರಿ ಡ್ರೈವರ್ ಗೊಣಗಿದ.

ನಾಳೆ ಸಾಹುಕಾರರು ಹಲಗೆ ನೋಡಲು ಬರುತ್ತಾರೆ. ದೊಡ್ಡ ಮಷೀನು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮೂರು ತಿಂಗಳು ಹಲಗೆ ಬರೆಯೋಣ, ನಿಲ್ಲುವ ಕಾರಣಗಳನ್ನು ಒಂದೊಂದಾಗಿ ತೆಗೆಯೋಣ, ಆಮೇಲೂ ಸಾಲದಿದ್ದರೆ ತರಿಸಿ ಅನ್ನುತ್ತೇನೆ. ಕೇಳಿದರೆ ಕೇಳಲಿ, ಬಿಟ್ಟರೆ ಬಿಡಲಿ, ಹೇಳುವುದನ್ನಂತೂ ಹೇಳಿಯೇ ತೀರುತ್ತೇನೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮಂಡಿಗೆ ಎಣ್ಣೆ ಮರೆಯಬೇಡ.

ನಿನ್ನ ಮೊಂಡು ತಂಗಿ,
ಶಾಂತ

ಮರೆತ ಮಾತು: ಮರೆತಿದ್ದಲ್ಲ ಅಣ್ಣ, ಬರೆಯಲು ಕೈ ಬರಲಿಲ್ಲ. ದಿನಾ ಆ ಹೂ ಇಡುತ್ತಿದ್ದವಳು ನಾನೇ. ನಮ್ಮ ಕೆಲಸಕ್ಕೆ ಕುತ್ತು ತಂದದ್ದು ನನ್ನ ಕೈಯೇ. ಗೊತ್ತಾದ ದಿನ ಖಾತುನ್ ಬೀ ಮುಂದೆ ಅತ್ತುಬಿಟ್ಟೆ, ಆಮೇಲೆ ಹಲಗೆಯ ಮೇಲೆ "ಕಾರಣ: ಒದ್ದೆ ಹೂ, ಇಟ್ಟವಳು ಶಾಂತಕ್ಕ" ಅಂತ ಬರೆದೆ. ನಿನ್ನೆ ಮೂರ್ತಪ್ಪನವರು ಕರೆದು, "ಹಲಗೆ ಒರೆಸಿಬಿಡು. ಹೊಸ ಮಷೀನು ಬಂದ್ರೂ ನಿನ್ನೊಬ್ಬಳ ಕೆಲಸ ಉಳಿಸ್ತೀನಿ. ಒರೆಸದಿದ್ರೆ ಮೊದಲು ಹೋಗೋಳು ನೀನೇ" ಅಂದರು. ಕೋಣೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗೇ ಕೊಟ್ಟಿದ್ದಾರೆ, ಭಾನುವಾರ ಬಂದು ಒರೆಸಲಿ ಅಂತ. ಈಗ ಸಂಜೆ ಐದು ಗಂಟೆ, ಗಿರಣಿಯ ಕಡೆ ನಾನು ಹೋಗಿಲ್ಲ. ಕೀಲಿ ಈ ಕಾಗದದ ಮೇಲೇ ಇದೆ, ಹಾರದಿರಲಿ ಅಂತ ಇಟ್ಟಿದ್ದೇನೆ.