ಅವರೆಕಾಳು ಹಿಸುಕಿದ ಭಾನುವಾರ

ರಾಜಾಜಿನಗರ, ೧೩-೧-೭೪

ಪ್ರೀತಿಯ ಅವ್ವಾ,

ನಿನ್ನ ಮಗಳು ಹೊಟ್ಟೆ ತುಂಬ ಉಂಡು ಕೂತು ಇದನ್ನು ಬರೆಯುತ್ತಿದ್ದಾಳೆ. ಲ್ಯಾಬಿನಲ್ಲಿ ನಾನೊಬ್ಬಳೇ ಹುಡುಗಿ, ಮಾತಾಡಿಸುವವರಿಲ್ಲ, ಅಣ್ಣನನ್ನು ಕಳಿಸಿ ಕರೆಸಿಕೋ ಎಂದು ಹೋದ ವಾರ ಬರೆದಿದ್ದೆನಲ್ಲ. ಇವತ್ತು ಪದ್ಮಾಸನಿ ಮೇಡಂ ಎಂಬ ಹಿರಿಯ ವಿಜ್ಞಾನಿ ಮನೆಗೆ ಕರೆದಿದ್ದರು. ಏನು ಪ್ರಶ್ನೆ ಕೇಳುತ್ತಾರೋ ಎಂದು ಪರೀಕ್ಷೆಗೆ ಓದಿದ ಹಾಗೆ ಓದಿಕೊಂಡು, ಇಳಕಲ್ ಸೀರೆ ಉಟ್ಟು ಹೋದೆ. ನೋಡಿದರೆ ಬೇರೆ ಬೇರೆ ಲ್ಯಾಬಿನ ಐದಾರು ಹುಡುಗಿಯರು ನಡುಮನೆಯಲ್ಲಿ ಚಾಪೆ ಹಾಕಿ ಕೂತು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿಸುಕಿ ತೆಗೆಯುತ್ತಾ ತಮ್ಮ ಕೆಟ್ಟುಹೋದ ಪ್ರಯೋಗಗಳ ಕಥೆ ಹೇಳಿಕೊಳ್ಳುತ್ತಿದ್ದರು! ನಮ್ಮ ಕಡೆ ಇದನ್ನು ಯಾರು ಮಾಡುತ್ತಾರೆ? ನನ್ನ ಮೊದಲ ಕಾಳು ಸಿಡಿದು ಮೇಡಂ ಕನ್ನಡಕಕ್ಕೇ ಬಡಿಯಿತು. ಅವರು ನಕ್ಕುಬಿಟ್ಟರು. "ನಾನೂ ಒಬ್ಳೇ ಇದ್ದಾಗ ಟೆಸ್ಟ್‌ಟ್ಯೂಬ್ ತೊಳೀತಾ ಅಳ್ತಿದ್ದೆ ಕಣೇ. ನಿಂಗೆ ಅಳು ಬಂದ್ರೆ ಇಲ್ಲಿಗ್ ಬಾ, ಕಾಳು ಬೇಕಾದಷ್ಟಿದೆ" ಎಂದರು. ಲ್ಯಾಬಿನಲ್ಲಿ ಕೈಕೊಟ್ಟ ನನ್ನ ಪಂಪು ನೋಡಲು ಆ ಹುಡುಗಿಯರಲ್ಲೊಬ್ಬಳು ನಾಳೆ ಬರುತ್ತಾಳಂತೆ.

ಕೆಮ್ಮು ನಿಂತಿದೆ. ಅಣ್ಣ ಟಿಕೆಟ್ ತೆಗೆಸಿದ್ದರೆ ತಡೆಯಬೇಡ. ಗುರೆಳ್ಳು ಚಟ್ನಿಪುಡಿ ಕೊಟ್ಟು ಕಳಿಸು, ಇವರೆಲ್ಲರಿಗೂ ಸಾಲುವಷ್ಟು. ವಾಪಸ್ ಅವನೊಬ್ಬನೇ ಬರುತ್ತಾನೆ.

ಕಾರ್ಡು ತುಂಬಿತು,
ನಿನ್ನ ಜಗದಾಂಬಾ